ಇಲ್ಲ ಅನ್ನಾಕೂ ಬಾಯಿ ಇಲ್ಲೇನ್ರಿ?

ನಮ್ಮ ಮಗಳು ವಿಜಯಪುರದ ಒಂದು ಸಾಲಿಗೆ ಟೀಚರ್ ನೌಕರಿ ಅರ್ಜಿ ಕೊಟ್ಟು ಎರಡು ತಿಂಗಳಾತು. ಟಿಕೋಟಾದಿಂದ ಮೂರು ಸಲ ಹೋಗಿ ಕೇಳಿದ್ಲು. "ಫೋನ್ ಮಾಡ್ತೀವಿ" ಅಂದ್ರು, ಮಾಡ್ಲಿಲ್ಲ. ಶಕ್ತಿ ಯೋಜನೆಯೊಳಗ ಬಸ್ ಪುಕ್ಕಟ ಐತಿ, ಹೆಣ್ಣುಮಕ್ಕಳ ದಿನಾ ಪುಕ್ಕಟ ಅಲ್ರಿ. ಆ ಮಾತು ನಂಬಿ ಬಬಲೇಶ್ವರದಾಗ ಸಿಕ್ಕಿದ್ದ ಕೆಲಸಾನೂ ಬಿಟ್ಲು.

ಕನ್ಯಾ ನೋಡಿ ಹೋದವ್ರೂ ಒಲ್ಲೆಂದ್ರ ಹೇಳಿ ಕಳಸ್ತಾರ. ಮಾಹಿತಿ ಹಕ್ಕಿನ ಅರ್ಜಿಗೆ ಸರ್ಕಾರಿ ಕಚೇರಿ 30 ದಿನದಾಗ ಉತ್ತರ ಕೊಡಬೇಕಂತ 2005ರ ಕಾಯ್ದೆನ ಐತಿ. ಇವ್ರಿಗೆ ಕಾಯ್ದೆ ಬ್ಯಾಡ, ಮರ್ಯಾದಿ ಸಾಕು. "ನೂರು ಅರ್ಜಿ ಬರ್ತಾವ" ಅಂತಾರ. ಬರ್ಲಿ! ಒಂದ ಮೆಸೇಜ್ ಬರದು ನೂರು ಮಂದಿಗೆ ಕಳಸಾಕ ಎಷ್ಟೊತ್ತು?

ಅಕ್ಕಾರ, ತಂಗ್ಯಾರ, ಕೇಳಾಕ ನಾಚಬ್ಯಾಡ್ರಿ. ಅರ್ಜಿ ಕೊಡೂಮುಂದನ "ಯಾವಾಗ ತಿಳಸ್ತೀರಿ?" ಅಂತ ತಾರೀಖು ಕೇಳ್ರಿ. ಅದು ದಾಟಿದ್ರ ಒಮ್ಮೆ ಕೇಳಿ, ಬ್ಯಾರೆ ಬಾಗಿಲಾ ನೋಡ್ರಿ. ಕೈಯಾಗಿದ್ದ ಕೆಲಸ ಮಾತ್ರ ಬಿಡಬ್ಯಾಡ್ರಿ.