ಲೆಕ್ಕ ಕೇಳುವುದು ಪಾಪವೆ?

ನಮ್ಮ ಸಭೆಗಳಲ್ಲಿ ಯಾರಾದರೂ ಲೆಕ್ಕ ಕೇಳಿದರೆ ಸಾಕು, ಹಿರಿಯರು ಮುಖ ಗಂಟಿಕ್ಕುತ್ತಾರೆ. "ನಾವು ದೇವರ ಸೇವೆ ಮಾಡುವವರು, ನಮ್ಮ ಮನಸ್ಸು ದೇವರಿಗೆ ಗೊತ್ತು" ಎಂಬ ಉತ್ತರ ಸಿದ್ಧವಾಗಿರುತ್ತದೆ. ಕೇಳಿದವರು ವಿಶ್ವಾಸವಿಲ್ಲದವರು, ಹೆಂಗಸಾದರಂತೂ ಬಾಯಿಬಡುಕಿ.

ಹಾಗಾದರೆ ಅಪೊಸ್ತಲ ಪೌಲನ ಮನಸ್ಸು ದೇವರಿಗೆ ಗೊತ್ತಿರಲಿಲ್ಲವೆ? ಯೆರೂಸಲೇಮಿನ ಬಡವರಿಗಾಗಿ ಅವನು ಹಲವು ಸಭೆಗಳಿಂದ ಹಣ ಕೂಡಿಸಿದ. ಆದರೆ ಆ ಹಣದ ಹೊಣೆಯನ್ನು ತಾನೊಬ್ಬನೇ ಇಟ್ಟುಕೊಳ್ಳಲಿಲ್ಲ. ತೀತನನ್ನೂ ಜೊತೆಗೆ ಇನ್ನಿಬ್ಬರನ್ನೂ ಆ ಕೆಲಸಕ್ಕೆ ಕಳುಹಿಸಿದ. ಅವರಲ್ಲೊಬ್ಬನನ್ನು ಸಭೆಗಳೇ ಆರಿಸಿದ್ದವು. ದೇವರು ನೋಡಿದರೆ ಸಾಲದು, ಜನರಿಗೂ ಕಾಣಬೇಕೆಂಬುದು ಅವನ ಕಾಳಜಿ. ಸಂದೇಹವಿದ್ದವರು ಕೊರಿಂಥದವರಿಗೆ ಬರೆದ ಎರಡನೆಯ ಪತ್ರದ 8ನೆಯ ಅಧ್ಯಾಯ ತೆರೆದು ನೋಡಲಿ.

ನಾನು ಶಾಲೆಯ ಶಿಕ್ಷಕಿ. ಪ್ರವಾಸಕ್ಕೆಂದು ಮಕ್ಕಳು ತರುವ ಹತ್ತು ರೂಪಾಯಿಗೂ ರಸೀದಿ ಬರೆಯುತ್ತೇನೆ. ಇದರಿಂದ ನನ್ನ ಮರ್ಯಾದೆ ಹೋಗಿಲ್ಲ, ಉಳಿದಿದೆ. ಬಡ ವಿಧವೆಯೊಬ್ಬಳು ಕೂಲಿಯಲ್ಲಿ ಉಳಿಸಿ ಕಾಣಿಕೆ ಚೀಲಕ್ಕೆ ಹಾಕಿದ ಹಣಕ್ಕೆ ಅಷ್ಟೂ ಬೆಲೆಯಿಲ್ಲವೆ?

ಶುದ್ಧ ಮನಸ್ಸು ಲೆಕ್ಕಕ್ಕೆ ಹೆದರುವುದಿಲ್ಲ. ಹೆದರುವವರು ಕುರ್ಚಿ ಬಿಟ್ಟೇಳಲಿ. ಸೇವೆ ಮಾಡಲು ಕುರ್ಚಿಯೇನೂ ಬೇಕಾಗಿಲ್ಲ.