ಬಿ.ಕಾಂ. ಆಯ್ತು, ಮುಂದೇನ್ರಿ?

ಸಂಜೆ ಸಿಂಧನೂರಿನಿಂದ ಮಸ್ಕಿ, ಲಿಂಗಸುಗೂರಿಗೆ ಹೋಗುವ ಬಸ್ಸು ಹತ್ತಿ ನೋಡ್ರಿ, ಕಾಲೇಜು ಹುಡುಗರದೇ ಗದ್ದಲ. ಬಿ.ಕಾಂ. ಮುಗಿದ ಮೇಲೆ ಏನಪಾ ಅಂದ್ರೆ ಒಂದೇ ಉತ್ತರ: "371ಜೆ ಐತಲ್ರಿ, ಕಾಲ್‌ಫಾರ್ ಆಗ್ಲಿ."

2013ರಲ್ಲಿ ಬಂದ ಆ ಮೀಸಲಾತಿ ನಮ್ಮ ಭಾಗದ ಹಕ್ಕು, ಬಿಡಬೇಕಿಲ್ಲ. ಆದರೆ ನಾವು ಕಾದರೂ ವಯಸ್ಸು ಕಾಯೋದಿಲ್ಲ.

ಊರ ಸುತ್ತ ಅಕ್ಕಿ ಗಿರಣಿ, ಅಡತಿ ಅಂಗಡಿ ಇವೆ. 2017ರ ಜುಲೈನಲ್ಲಿ ಜಿಎಸ್‌ಟಿ ಬಂದ ಮೇಲೆ ಹಳೇ ಕಿರ್ದಿ ಪುಸ್ತಕ ಸಾಲದು. 2022ರಲ್ಲಿ ಲೇಬಲ್ ಹಚ್ಚಿದ 25 ಕೆ.ಜಿ.ವರೆಗಿನ ಅಕ್ಕಿ ಚೀಲಕ್ಕೆ ಶೇ. 5 ತೆರಿಗೆ ಬಿತ್ತು, ಬಿಡಿ ಅಕ್ಕಿಗೆ ಇಲ್ಲ. ಇಂಥ ಲೆಕ್ಕ ಬಲ್ಲವರು ಬೇಕು. ನಮ್ಮ ಪದವೀಧರನಿಗೋ ಡೆಬಿಟ್-ಕ್ರೆಡಿಟ್ ಬಾಯಿಪಾಠ, ನಿಜವಾದ ಬಿಲ್ಲು ಕೈಗಿಟ್ಟರೆ ಬೆವರು!

ತಪ್ಪು ಹುಡುಗರದ್ದಷ್ಟೇ ಅಲ್ಲ. ಕಾಲೇಜಿನವರು ಕೊನೇ ವರ್ಷ ಎರಡು ತಿಂಗಳಾದರೂ ಅವರನ್ನು ಗಿರಣಿ, ಅಂಗಡಿಗೆ ಕಳಿಸಲಿ. ಸಾವ್ಕಾರ್ರೂ ಬರೀ ಚಹಾದ ದುಡ್ಡು ಕೊಟ್ಟು "ಹುಡುಗ್ರು ನಿಲ್ಲಂಗಿಲ್ಲ" ಅಂತ ಗೊಣಗಿದರೆ ಹೆಂಗೆ? ಪಗಾರ ಕೊಟ್ಟು ಕಲಿಸ್ರಿ. ಇಲ್ಲಾಂದ್ರೆ ಹುಡುಗ ಬೆಂಗಳೂರು ಬಸ್ಸು ಹತ್ತುತ್ತಾನೆ, ನಿಮ್ಮ ಲೆಕ್ಕ ಇಲ್ಲೇ ಉಳೀತೈತಿ.