ಚಂದಾ ಕೊಡದವರ ಅಂಗಡಿಗೂ ಬೆಳಕು

ಯಾವ ಬೀದಿಯಲ್ಲಾದರೂ ಲೈಟಿಂಗ್ಸ್‌ಗೆ ಚಂದಾ ಎತ್ತಿ ನೋಡಿ. ಅರ್ಧ ಅಂಗಡಿಯವರು ಕೊಡ್ತಾರೆ, ಉಳಿದವರು ‘ನಾಳೆ ಬನ್ನಿ’ ಅಂತಾರೆ. ಬೆಳಕು ಮಾತ್ರ ಎಲ್ಲರ ಬಾಗಿಲಿಗೂ ಬೀಳುತ್ತೆ!

ಕೆನಡಾದ ಟೊರಾಂಟೊದಲ್ಲಿ, ಬ್ಲೂರ್ ಸ್ಟ್ರೀಟ್ ವ್ಯಾಪಾರಿಗಳದ್ದೂ 1960ರ ದಶಕದಲ್ಲಿ ಇದೇ ಕಥೆ. ಟ್ರಾಮ್ ಹೋಗಿ ನೆಲದಡಿಯ ಮೆಟ್ರೊ ಬಂತು. ಅಂಗಡಿ ನೋಡ್ತಾ ಹೋಗುತ್ತಿದ್ದ ಗಿರಾಕಿಗಳು ಕೆಳಗಿಂದಲೇ ದಾಟಿಹೋದರು. ಮಾಲ್‌ಗಳ ಪೈಪೋಟಿ ಬೇರೆ. ಬೀದಿ ಉಳಿಸೋಕೆ ದುಡ್ಡು ಬೇಕು, ಆದರೆ ಚಂದಾ ನಂಬಿ ಕೂರೋ ಹಾಗಿರಲಿಲ್ಲ. ಹಾಗಾಗಿ, ಎಲ್ಲರೂ ಕಡ್ಡಾಯವಾಗಿ ಪಾಲು ಕೊಡುವ ಕಾನೂನು ಬಂತು. 1970ರಲ್ಲಿ ಬ್ಲೂರ್ ವೆಸ್ಟ್ ವಿಲೇಜ್ ಜಗತ್ತಿನ ಮೊದಲ ‘ಬಿಸಿನೆಸ್ ಇಂಪ್ರೂವ್‌ಮೆಂಟ್ ಏರಿಯಾ’ ಆಯಿತು.

ಲೆಕ್ಕ ಸರಳ. ಆಸ್ತಿ ತೆರಿಗೆಯ ಜೊತೆಗೇ ನಗರಾಡಳಿತ ಈ ಪಾಲನ್ನೂ ವಸೂಲಿ ಮಾಡಿ, ಆ ಬೀದಿಯ ಮಂಡಳಿಗೆ ಕೊಡುತ್ತೆ. ಅದರಲ್ಲಿ ಬೆಂಚು, ಹೂಕುಂಡ, ದೀಪ, ಬೀದಿ ಹಬ್ಬ. ಅದೇ ಊರಿನ ‘ಜೆರಾರ್ಡ್ ಇಂಡಿಯಾ ಬಜಾರ್’ ನಡೆಯೋದೂ ಹೀಗೇ.

ನನಗಿದ್ದ ಅನುಮಾನ ಒಂದೇ. ಬೀದಿ ಚೆಂದವಾದಂತೆ ಬಾಡಿಗೆಯೂ ಏರಬಹುದು. ಈ ಪಾಲೂ ಕೊನೆಗೆ ಬಾಡಿಗೆದಾರರ ತಲೆಗೇ ಬರಬಹುದು. ಆಗ ಸಣ್ಣ ಅಂಗಡಿಯವರ ಗತಿ? ಒಂಟಾರಿಯೊ ಕಾನೂನಿನಲ್ಲಿ ಬಾಡಿಗೆ ಅಂಗಡಿಯವರೂ ಸದಸ್ಯರೇ. ಹತ್ತು ಕಟ್ಟಡ ಇರುವವರಿಗೂ ಒಂದೇ ವೋಟು, ಒಂದು ಮಳಿಗೆ ಬಾಡಿಗೆ ಹಿಡಿದವರಿಗೂ ಒಂದೇ ವೋಟು. ಬಾಡಿಗೆ ಏರೋದನ್ನ ಆ ವೋಟು ತಡೆಯಲ್ಲ, ನಿಜ. ಆದರೆ ದುಡ್ಡು ಎಲ್ಲಿ ಖರ್ಚಾಗಬೇಕು ಅಂತ ಕೇಳೋ ಹಕ್ಕಾದರೂ ಅವರ ಕೈಯಲ್ಲಿದೆ.